ಮಗು ಆರಾಮಾಗಿರುವಾಗಲೂ ಪಂಪ್ ಯಾಕೆ?

ಪ್ರಶ್ನೆ: ಡಾಕ್ಟರಮ್ಮಾ, ನನ್ನ ಮಗನಿಗೆ ನಾಲ್ಕು ವರ್ಷ. ಎರಡು ವರ್ಷದಿಂದ ಮಳೆ ಹಿಡಿದರೆ ಸಾಕು, ಅವನಿಗೆ ನೆಗಡಿ. ಆಮೇಲೆ ಕೆಮ್ಮು. ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತು ಉಸಿರಿಗೆ ಒದ್ದಾಡುತ್ತಾನೆ, ಎದೆಯಲ್ಲಿ ಸುಂಯ್ ಅಂತ ಸದ್ದು. ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅಸ್ತಮಾ ಅಂದರು. ಪರೀಕ್ಷೆ ಗಿರೀಕ್ಷೆ ಏನೂ ಮಾಡಲಿಲ್ಲ. ಎರಡು ಇನ್‌ಹೇಲರ್ (ಪಂಪ್), ಅದಕ್ಕೆ ಸಿಕ್ಕಿಸುವ ಮಾಸ್ಕಿನ ಕೊಳವೆ, ಅಂದರೆ ಒಂದು ಸ್ಪೇಸರ್ ಬರೆದುಕೊಟ್ಟರು. ಒಂದನ್ನು ದಿನಾ ಹಾಕಬೇಕಂತೆ. ಅತ್ತೆ, "ಪಂಪ್ ಒಮ್ಮೆ ಅಭ್ಯಾಸವಾದರೆ ಸಾಯೋ ತನಕ ಬಿಡೋಕಾಗಲ್ಲ, ಸಿರಪ್ ಕೊಡಿಸು" ಅಂತಾರೆ. ಯಜಮಾನರು ಯಾರಿಗೂ ಹೇಳಬೇಡ ಅಂತಾರೆ. ಹದಿನೈದು ದಿನದಲ್ಲಿ ಪೂರ್ತಿ ಆರಾಮಾದ, ಹಾಗಾಗಿ ನಿಲ್ಲಿಸಿದ್ದೇವೆ. ಸರಿಯಾ? ನಾನು ಬಸುರಿಯಲ್ಲಿ ಮೊಸರು ಜಾಸ್ತಿ ತಿಂದೆ, ಅದಕ್ಕೇ ಹೀಗಾಯಿತು ಅಂತಲೂ ಹೇಳುತ್ತಾರೆ. ನಿದ್ದೆ ಬರುತ್ತಿಲ್ಲ.
— ಹೆಸರು ಬೇಡ, ತೀರ್ಥಹಳ್ಳಿ ತಾಲೂಕು

ಉತ್ತರ: ಮೊದಲು ಮೊಸರಿನ ಕತೆ ಮುಗಿಸಿಬಿಡೋಣ. ಬಸುರಿಯಲ್ಲಿ ಮೊಸರು ತಿಂದರೆ ಮಗುವಿಗೆ ಅಸ್ತಮಾ ಬರುವುದಿಲ್ಲ. ಹಾಗೆ ಬರುವುದಾಗಿದ್ದರೆ ನಮ್ಮ ರಾಜ್ಯದಲ್ಲಿ ಅಸ್ತಮಾ ಇಲ್ಲದ ಮಗುವೇ ಸಿಗುತ್ತಿರಲಿಲ್ಲ. ಅಪ್ಪ ಅಮ್ಮನ ಕಡೆ ಯಾರಿಗಾದರೂ ಉಬ್ಬಸ, ಸದಾ ಸೀನು, ಮೈಮೇಲೆ ಕೆರೆತದ ಗಂದೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ, ಅಷ್ಟೆ. ಇನ್ನೊಮ್ಮೆ ಯಾರಾದರೂ ಮೊಸರಿನ ಮಾತೆತ್ತಿದರೆ ಈ ಪುಟ ತೆಗೆದು ಅವರ ಕೈಗೆ ಕೊಡಿ.

ಪರೀಕ್ಷೆ ಯಾಕೆ ಮಾಡಲಿಲ್ಲ ಅಂತ ಕೇಳಿದ್ದೀರಿ. ದೊಡ್ಡವರಿಗಾದರೆ ಕೊಳವೆಗೆ ಜೋರಾಗಿ ಊದಿಸಿ ಶ್ವಾಸಕೋಶದ ಬಲ ಅಳೆಯುತ್ತೇವೆ. ಐದಾರು ವರ್ಷದೊಳಗಿನ ಮಕ್ಕಳು ಅದನ್ನು ಸರಿಯಾಗಿ ಊದುವುದಿಲ್ಲ. ಊದು ಅಂದರೆ ನಗುತ್ತಾರೆ, ಇಲ್ಲ ಜೊಲ್ಲು ಸುರಿಸುತ್ತಾರೆ. ಹಾಗಾಗಿ ಈ ವಯಸ್ಸಿನಲ್ಲಿ ಡಾಕ್ಟರು ನಂಬುವುದು ನಿಮ್ಮ ಮಾತನ್ನೇ. ಪದೇ ಪದೇ ಬರುವ ಕೆಮ್ಮು, ರಾತ್ರಿ ಮತ್ತು ಬೆಳಗಿನ ಜಾವಕ್ಕೆ ಜೋರಾಗುವುದು, ಸುಂಯ್ ಸದ್ದು, ಉಸಿರಿನ ನಾಳ ಹಿಗ್ಗಿಸುವ ಔಷಧ ಕೊಟ್ಟರೆ ತಕ್ಷಣ ಹಗುರವಾಗುವುದು. ನೀವು ಬರೆದಿರುವುದರಲ್ಲಿ ಮುಕ್ಕಾಲು ಪಾಲು ಅದೇ ಇದೆ. ಒಂದು ಸಮಾಧಾನದ ವಿಷಯವನ್ನೂ ಹೇಳುತ್ತೇನೆ. ಮೂರು ವರ್ಷದೊಳಗೆ ಹೀಗೆ ಉಬ್ಬಸ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ವರ್ಷದ ಹೊತ್ತಿಗೆ ಅದು ಇರುವುದಿಲ್ಲ. ನಿಮ್ಮ ಮಗ ಯಾವ ಗುಂಪು ಅಂತ ಈಗಲೇ ಯಾರೂ ಬರೆದುಕೊಡಲಾರರು. ಅಲ್ಲಿಯವರೆಗೆ ಅವನು ನಿದ್ದೆ ಮಾಡಬೇಕಲ್ಲ?

ಈಗ ನಿಲ್ಲಿಸಿದ ವಿಷಯ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಿದ್ದೇವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಬೈದರೆ ಬೈಸಿಕೊಳ್ಳಿ. ಎರಡು ಪಂಪಿನ ಕೆಲಸ ಬೇರೆ ಬೇರೆ. ಒಂದು, ಸಾಮಾನ್ಯವಾಗಿ ನೀಲಿ ಬಣ್ಣದ್ದು, ಸಾಲ್ಬ್ಯುಟಮಾಲ್. ಬಿಗಿದುಕೊಂಡ ನಾಳವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕೈದು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಇನ್ನೊಂದು ಬ್ಯುಡೆಸೊನೈಡ್ ಅಥವಾ ಅಂಥದ್ದೇ ಸ್ಟೆರಾಯ್ಡ್. ಅದು ನಾಳದ ಒಳಗಿನ ಊತವನ್ನು ನಿಧಾನವಾಗಿ ಇಳಿಸುತ್ತದೆ. ಕೆಮ್ಮು ನಿಂತರೂ ಒಳಗಿನ ಊತ ಇಳಿದಿರುವುದಿಲ್ಲ. ಹಾಗಿರುವಾಗ ಮುಂದಿನ ನೆಗಡಿ ಬಂದರೆ ಮತ್ತೆ ಅದೇ ರಾತ್ರಿ, ಅದೇ ಒದ್ದಾಟ. ಮೇ ತಿಂಗಳಲ್ಲಿ ಬಿಸಿಲು ಸುಡುತ್ತಿರುವಾಗಲೇ ನಿಮ್ಮೂರಲ್ಲಿ ಹೆಂಚು ಕೈಯಾಡಿಸುತ್ತೀರಿ, ಅಲ್ವಾ? ಮನೆ ಸೋರತೊಡಗಿದ ಮೇಲೆ ಯಾರೂ ಮಾಡು ಹತ್ತುವುದಿಲ್ಲ. ದಿನಾ ಹಾಕುವ ಪಂಪ್ ಅದೇ ಲೆಕ್ಕದ್ದು. ಮಗು ಆರಾಮಾದ ದಿನ ಅದನ್ನು ನಿಲ್ಲಿಸುವ ದಿನವಲ್ಲ. ಸಾಮಾನ್ಯವಾಗಿ ಮೂರು ತಿಂಗಳಾದರೂ ಚೆನ್ನಾಗಿದ್ದ ಮೇಲೆ ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಅದೂ ಮಳೆಗಾಲದ ಹೊಸ್ತಿಲಲ್ಲಿ ಮಾಡುವುದಿಲ್ಲ. ಹೀಗೆ ಕಡಿಮೆ ಮಾಡಿ ನಿಲ್ಲಿಸಬಹುದಾದ ಔಷಧ ಇದು. ಚಟ ಹಿಡಿಯುವುದಿಲ್ಲ.

ಅತ್ತೆಯವರಿಗೆ ಒಂದು ಲೆಕ್ಕ ತೋರಿಸಿ. ಅವರು ಹೇಳುವ ಸಿರಪ್‌ನಲ್ಲೂ ಬಹಳ ಸಲ ಇರುವುದು ಅದೇ ಸಾಲ್ಬ್ಯುಟಮಾಲ್. ಒಂದು ಟೀ ಚಮಚ, ಅಂದರೆ 5 ಮಿಲಿಯಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ. ಪಂಪಿನ ಒಂದು ಪಫ್‌ನಲ್ಲಿ, ಅಂದರೆ ಒಮ್ಮೆ ಒತ್ತಿದರೆ ಬರುವುದರಲ್ಲಿ, 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಎರಡು ಪಫ್ ಹಾಕಿದರೂ ಚಮಚದ ಹತ್ತನೇ ಒಂದು ಪಾಲು. ಸಿರಪ್ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರುತ್ತದೆ. ಅಷ್ಟರಲ್ಲಿ ಮಗುವಿನ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಯಾವುದು ಸ್ಟ್ರಾಂಗ್ ಅಂತ ಅವರೇ ಹೇಳಲಿ. ಮನೆಯ ಹಿರಿಯರಿಗೆ ಲೆಕ್ಕ ಒಪ್ಪಿಗೆಯಾದರೆ ಅವರಷ್ಟು ಗಟ್ಟಿ ಕಾವಲು ಇನ್ನೊಂದಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳಿಗೆ ತಪ್ಪದೆ ಪಂಪ್ ಹಾಕುವವರು ಅಜ್ಜಿಯರೇ.

ಸ್ಟೆರಾಯ್ಡ್ ಅಂದರೆ ಭಯ ಸಹಜ. ಅದಕ್ಕೂ ಮುಚ್ಚುಮರೆ ಬೇಡ. ವರ್ಷಗಟ್ಟಲೆ ದಿನಾ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಸರಾಸರಿ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿದ್ದರು ಅಂತ ಅಮೆರಿಕದ ದೊಡ್ಡ ಅಧ್ಯಯನವೊಂದು 2012ರಲ್ಲಿ ಹೇಳಿತು. ಒಂದು ಸೆಂಟಿಮೀಟರ್. ಹತೋಟಿಗೆ ಬಾರದ ಅಸ್ತಮಾ ಇರುವ ಮಗು ನಿದ್ದೆಗೆಟ್ಟು, ಊಟ ಬಿಟ್ಟು ಅದಕ್ಕಿಂತ ಜಾಸ್ತಿ ಸೊರಗುತ್ತದೆ. ಜೋರಾಗಿ ಉಬ್ಬಸ ಬಂದಾಗ ಆಸ್ಪತ್ರೆಯಲ್ಲಿ ಬಾಯಿಗೆ ಕೊಡುವ ಸ್ಟೆರಾಯ್ಡ್ ಇದರ ಎಷ್ಟೋ ಪಟ್ಟು. ಅದನ್ನು ತಪ್ಪಿಸುವುದಕ್ಕೇ ಈ ಚಿಕ್ಕ ಡೋಸ್.

ಆದರೆ ಔಷಧ ಎದೆಗೆ ಇಳಿಯಬೇಕು. ಎದುರಿಗೆ ಹಾಕಿ ತೋರಿಸಿ ಅಂದರೆ ಬಹಳ ಮನೆಗಳಲ್ಲಿ ಅರ್ಧ ಔಷಧ ಕೆನ್ನೆಗೇ ಹೋಗುತ್ತಿರುತ್ತದೆ. ಮಗುವನ್ನು ತೊಡೆಯ ಮೇಲೆ ನೇರ ಕೂರಿಸಿ. ಪಂಪನ್ನು ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಕೂತಿರಬೇಕು, ಸಂದಿ ಇರಬಾರದು. ಒಂದು ಪಫ್ ಒತ್ತಿ. ಮಗು ಮಾಮೂಲಿ ಉಸಿರಾಡಲಿ, ಐದಾರು ಉಸಿರು. ಸ್ಪೇಸರಿನ ಒಳಗಿನ ಕವಾಟ ಪಟಪಟ ಅಲ್ಲಾಡುವುದು ಕಾಣುತ್ತದೆ, ಅದನ್ನೇ ಎಣಿಸಿ. ಎರಡನೇ ಪಫ್ ಬೇಕಾದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ ಹಾಕಿ. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಮಗು ಅಳುತ್ತಿದ್ದರೆ ಔಷಧ ಒಳಗೆ ಹೋಗುವುದೇ ಕಡಿಮೆ. ಅದಕ್ಕೆ ಮೊದಲು ಔಷಧವಿಲ್ಲದ ಖಾಲಿ ಸ್ಪೇಸರ್ ಕೊಟ್ಟು ಆಡಲು ಬಿಡಿ, ಗೊಂಬೆಗೆ, ಅಜ್ಜನಿಗೆ ಹಾಕಲಿ. ದಿನಾ ಹಾಕುವ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಮುಖ ಒರೆಸಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬಿಳಿ ಅಗ್ರ ಬರಬಹುದು. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಔಷಧ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ. ಪಂಪ್ ಖಾಲಿಯಾಯಿತಾ ಅಂತ ನೀರಲ್ಲಿ ತೇಲಿಸಿ ನೋಡುವ ವಿದ್ಯೆಯನ್ನು ಯಾರೋ ಇನ್ನೂ ಹೇಳಿಕೊಡುತ್ತಿದ್ದಾರೆ. ದಯವಿಟ್ಟು ಬೇಡ. ಡಬ್ಬಿಯ ಮೇಲೆ ಎಷ್ಟು ಪಫ್ ಅಂತ ಇರುತ್ತದೆ. 200 ಇದ್ದು ದಿನಕ್ಕೆ 4 ಹಾಕಿದರೆ ಐವತ್ತು ದಿನ. ಶುರು ಮಾಡಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಮನೆ ಕಡೆ ಬರೋಣ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಅಂತ ನನಗೆ ಗೊತ್ತು. ಆ ಹೊಗೆ ಹಿಡಿದ ಅಂಗಿ, ಹೊದಿಕೆ ಮಗುವಿಗೆ ಬೇಡ. ಒಲೆ ಹೊತ್ತಿಸುವಾಗ ಅವನು ಬಚ್ಚಲ ಹತ್ತಿರ ಸುಳಿಯದಿರಲಿ. ಗೋಡೆಯ ಬೂಷ್ಟು ಒರೆಸುವಾಗ, ಅಡಿಕೆ ಸುಲಿಯುವ ಕಡೆ, ಅಟ್ಟ ಗುಡಿಸುವಾಗಲೂ ಅಷ್ಟೆ. ಹಳೆಯ ಹತ್ತಿ ದಿಂಬು, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಇರುತ್ತದೆ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರಗೆ ಹಾಕಿ. ಸೊಳ್ಳೆ ಬತ್ತಿ, ಅಗರಬತ್ತಿ, ಸಾಂಬ್ರಾಣಿ ಹೊಗೆ ಅವನ ಕೋಣೆಯಲ್ಲಿ ಬೇಡ. ಸೊಳ್ಳೆ ಪರದೆ ಕಟ್ಟಿ. ಮನೆಯಲ್ಲಿ ಬೀಡಿ ಸಿಗರೇಟು ಇದ್ದರೆ, ಅದು ಜಗುಲಿಯಲ್ಲೂ ಬೇಡ. ಇಷ್ಟೆಲ್ಲಾ ಮಾಡಿದರೂ ನೆಗಡಿ ಬಂದೇ ಬರುತ್ತದೆ, ಈ ವಯಸ್ಸಿನಲ್ಲಿ ಉಬ್ಬಸ ಕೆರಳಿಸುವುದು ಹೆಚ್ಚಾಗಿ ಅದೇ. ಹಾಗಾಗಿ ಮನೆ ಗುಡಿಸಿ ಗುಡಿಸಿ ಸುಸ್ತಾಗಬೇಡಿ. ಬಾಳೆಹಣ್ಣು, ಹಾಲು, ಮೊಸರು ತಿನ್ನಲಿ. ತಿಂದಾಗಲೆಲ್ಲ ಗಂದೆ ಏಳುವುದೋ ವಾಂತಿಯೋ ಆದರೆ ಮಾತ್ರ ಡಾಕ್ಟರಿಗೆ ಹೇಳಿ.

ಯಜಮಾನರಿಗೆ ಹೇಳಿ, ಇದು ಅಂಟುಜಾಡ್ಯವಲ್ಲ. ಅಂಗನವಾಡಿ ಟೀಚರಿಗೂ ಪಕ್ಕದ ಮನೆಯವರಿಗೂ ಗೊತ್ತಿರಲೇಬೇಕು, ಯಾಕೆಂದರೆ ನೀವಿಲ್ಲದಾಗ ನೀಲಿ ಪಂಪ್ ಹಾಕುವವರು ಅವರು. ಉಬ್ಬಸ ಬಂದಾಗ ಎಷ್ಟು ಪಫ್, ಎಷ್ಟು ನಿಮಿಷ ಬಿಟ್ಟು ಇನ್ನೊಮ್ಮೆ, ಎಷ್ಟಾದ ಮೇಲೆ ಆಸ್ಪತ್ರೆ ಅಂತ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಫ್ರಿಜ್ಜಿಗೋ ಬಾಗಿಲಿಗೋ ಅಂಟಿಸಿ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ತೂಕಡಿಸುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಅದು ಬರುವ ತನಕ ನೀಲಿ ಪಂಪ್ ಹಾಕುತ್ತಲೇ ಇರಿ. ಸುಂಯ್ ಸದ್ದು ನಿಂತು ಮಗು ಇನ್ನೂ ಒದ್ದಾಡುತ್ತಿದ್ದರೆ ಕಡಿಮೆಯಾಯಿತು ಅಂದುಕೊಳ್ಳಬೇಡಿ. ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ.

ಪ್ರಶ್ನೆ: ಮಗಳಿಗೆ ಎಂಟು ವರ್ಷ, ಅಸ್ತಮಾ ಇದೆ. ಔಷಧ ನಡೆಯುತ್ತಿದೆ. ಶಾಲೆಯಲ್ಲಿ ಖೋ ಖೋ ಆಡಲು ಬಿಡುತ್ತಿಲ್ಲ, ಇನ್‌ಹೇಲರನ್ನೂ ಆಫೀಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ನಮ್ಮ ಕಾಲದಲ್ಲಿ ಇಷ್ಟೊಂದು ಅಸ್ತಮಾ ಇರಲಿಲ್ಲ ಅಲ್ವಾ ಮೇಡಂ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಇರಲಿಲ್ಲ ಅನ್ನುವುದಕ್ಕೆ ನಿಮ್ಮೂರಿನದೇ ಲೆಕ್ಕವಿದೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ನೋಡಿ ಬರೆದಿಟ್ಟಿದ್ದಾರೆ. 1979ರಲ್ಲಿ ಅಸ್ತಮಾ ಇದ್ದದ್ದು ನೂರಕ್ಕೆ 9 ಮಕ್ಕಳಿಗೆ. 1999ರ ಹೊತ್ತಿಗೆ 29.5. ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ, ನಿಜ. ಆದರೂ ಏರಿದ್ದು ಕಣ್ಣಿಗೆ ಹೊಡೆಯುತ್ತದೆ. ಆ ಇಪ್ಪತ್ತು ವರ್ಷದಲ್ಲಿ ಊರಿನ ರಸ್ತೆಗಳು ಏನಾದವು ಅಂತ ನಿಮಗೂ ಗೊತ್ತು.

ಮಗಳು ಆಡಲಿ. ಹತೋಟಿಯಲ್ಲಿರುವ ಅಸ್ತಮಾಕ್ಕೆ ಓಡಾಟ ಒಳ್ಳೆಯದೇ. ಒಮ್ಮೆಲೇ ಓಡುವ ಬದಲು ಮೊದಲು ಹತ್ತು ನಿಮಿಷ ಮೈ ಬೆಚ್ಚಗಾಗಲಿ. ಆಟಕ್ಕೆ ಮುಂಚೆ ನೀಲಿ ಪಂಪ್ ಬೇಕೇ ಅಂತ ಡಾಕ್ಟರ ಹತ್ತಿರ ಕೇಳಿ. ಓಡಿದಾಗಲೆಲ್ಲ ಕೆಮ್ಮು ಬಂದರೆ ದಿನದ ಔಷಧ ಸಾಲುತ್ತಿಲ್ಲ, ಅಥವಾ ಸರಿಯಾಗಿ ಒಳಗೆ ಹೋಗುತ್ತಿಲ್ಲ. ಅದನ್ನು ಸರಿಮಾಡಬೇಕು, ಆಟ ನಿಲ್ಲಿಸುವುದಲ್ಲ. ಬೀಗದ ವಿಷಯಕ್ಕೆ ಡಾಕ್ಟರ ಪತ್ರ ಹಿಡಿದು ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿ. ಪಂಪ್ ಅವಳ ಬ್ಯಾಗಿನಲ್ಲೋ ಕ್ಲಾಸ್ ಟೀಚರ ಮೇಜಿನಲ್ಲೋ ಇರಲಿ. ಬೀಗದ ಕೈ ಇರುವ ಗುಮಾಸ್ತರು ಊಟಕ್ಕೆ ಹೋದಾಗಲೇ ಉಬ್ಬಸ ಬರುವುದು!

ಪ್ರಶ್ನೆ: ಮೊಮ್ಮಗಳಿಗೆ ಐದು ವರ್ಷ, ದಮ್ಮಿನ ತ್ರಾಸ ಇದೆ. ಮೃಗಶಿರಾ ಮಳೆಗೆ ಹೈದರಾಬಾದಿನಲ್ಲಿ ಮೀನಿನ ಔಷಧ ಕೊಡುತ್ತಾರೆ. ಈ ಸಲ ಕರೆದುಕೊಂಡು ಹೋಗಲೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಯಜಮಾನರೇ, ಜೂನ್‌ನಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಜನ ಹೇಗೆ ಸೇರುತ್ತಾರೆ ಅಂತ ನೀವೇ ಟಿವಿಯಲ್ಲಿ ನೋಡಿರುತ್ತೀರಿ. ಜೀವಂತ ಮರಿಮೀನಿನ ಬಾಯಿಗೆ ಹಳದಿ ಲೇಹ್ಯ ಇಟ್ಟು ನುಂಗಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಲೇಹ್ಯದಲ್ಲಿ ಏನಿದೆ ಅಂತ ಅದನ್ನು ಕೊಡುವ ಬತ್ತಿನಿ ಮನೆತನದವರು ಹೇಳುವುದಿಲ್ಲ. ಆದ್ದರಿಂದ ಅದು ನಿಮ್ಮ ಮೊಮ್ಮಗಳಿಗೆ ಒಗ್ಗುತ್ತದೆ ಅಂತ ನಾನು ಹೇಳುವುದು ಹೇಗೆ? ಐದು ವರ್ಷದ ಮಗುವಿನ ಗಂಟಲಿಗೆ ಒದ್ದಾಡುವ ಮೀನು ಬಿಡುವುದಕ್ಕಂತೂ ನನ್ನ ಒಪ್ಪಿಗೆ ಇಲ್ಲ. ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಆ ಧೂಳು, ನೂಕುನುಗ್ಗಲು ಬೇರೆ.

ನಿಮ್ಮ ನಂಬಿಕೆ ನಿಮಗಿರಲಿ, ನೀವು ಹೋಗಿ ಬನ್ನಿ. ಮಗುವನ್ನು ಮನೆಯಲ್ಲೇ ಬಿಡಿ. ದಿನದ ಪಂಪನ್ನು ಯಾರ ಮಾತು ಕೇಳಿಯೂ ಒಂದು ದಿನವೂ ತಪ್ಪಿಸಬೇಡಿ. ಹೈದರಾಬಾದಿಗೆ ಹೋಗುವ ಖರ್ಚಿನಲ್ಲಿ ಒಳ್ಳೆಯ ಸ್ಪೇಸರ್ ಬರುತ್ತದೆ, ಇನ್ನೂ ಇಲ್ಲದಿದ್ದರೆ ಅದನ್ನು ಕೊಡಿಸಿ.