ಚಂದ್ರ ನೀಲಿಯಾಗುವುದು ಯಾವಾಗ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ಕಳೆದ ಸಂಚಿಕೆಯ ಅನುವಾದಿತ ಕಥೆಯಲ್ಲಿ, ಪಟ್ಟಣ ಸೇರಿದ ಮಗ ನೀಲಿ ಚಂದ್ರನಲ್ಲಿ ಒಮ್ಮೆ ಊರಿಗೆ ಬರುತ್ತಾನೆ ಎಂದಿದೆ. ಏನು ಹಾಗೆಂದರೆ? ಚಂದ್ರ ನೀಲಿಯಾಗುವುದುಂಟೆ? ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯನ್ನು ಬ್ಲೂ ಮೂನ್ ಎನ್ನುತ್ತಾರಲ್ಲ, ಅದೇನಾ ಇದು?’

ಸಂಪಾದಕರ ಉತ್ತರ:

ಮೊದಲು ಕ್ಷಮೆ ಕೋರುತ್ತೇನೆ. ಆ ಸಾಲನ್ನು ತಿದ್ದಬೇಕಿದ್ದವನು ನಾನು. ಮೂಲದಲ್ಲಿದ್ದದ್ದು ‘ವನ್ಸ್ ಇನ್ ಎ ಬ್ಲೂ ಮೂನ್’. ಬಲು ಅಪರೂಪಕ್ಕೆ, ಯಾವಾಗಲೋ ಒಮ್ಮೆ ಎಂದಷ್ಟೇ ಅದರ ಅರ್ಥ. ‘ಎಂದೂ ಇಲ್ಲ’ ಎಂದಲ್ಲ. ಆ ಮಗ ಬರುತ್ತಾನೆ. ತಾಯಿ ಕಾದು ಕಾದು ಸೋತ ಮೇಲೆ ಬರುತ್ತಾನೆ.

ಚಂದ್ರ ನೀಲಿಯಾಗುವುದೂ ಉಂಟು. 1883ರ ಆಗಸ್ಟಿನಲ್ಲಿ ಜಾವಾ, ಸುಮಾತ್ರಾ ನಡುವಿನ ಕ್ರಕಟೋವಾ ಜ್ವಾಲಾಮುಖಿ ಸಿಡಿದು, ಅದರ ನುಣುಪು ಧೂಳು ಆಕಾಶಕ್ಕೇರಿ ಕೆಂಪು ಬೆಳಕನ್ನು ಚದುರಿಸಿತು. ಹಲವು ದೇಶಗಳಲ್ಲಿ ಚಂದ್ರ ನೀಲಿಯಾಗಿ ಕಂಡ. ಮದ್ರಾಸಿನಲ್ಲಿ ಸೂರ್ಯನೇ ಹಸಿರಾದ. ಆದರೆ ನುಡಿಗಟ್ಟು ಇದಕ್ಕಿಂತ ಹಳೆಯದು.

ಎರಡನೇ ಹುಣ್ಣಿಮೆ ಎಂಬ ಅರ್ಥ ತೀರ ಈಚಿನದು. ಅಮೆರಿಕದ ಮೇಯ್ನ್ ರಾಜ್ಯದ ರೈತರ ಪಂಚಾಂಗವೊಂದರಲ್ಲಿ, ಮೂರು ತಿಂಗಳ ಒಂದು ಋತುವಿಗೆ ಮೂರರ ಬದಲು ನಾಲ್ಕು ಹುಣ್ಣಿಮೆ ಬಿದ್ದರೆ ಮೂರನೆಯದಕ್ಕೆ ಬ್ಲೂ ಮೂನ್ ಎಂಬ ಹೆಸರಿತ್ತು. 1946ರಲ್ಲಿ ಖಗೋಳ ಪತ್ರಿಕೆಯೊಂದರ ಲೇಖಕರು ಅದನ್ನು ತಪ್ಪಾಗಿ ತಿಳಿದು ‘ತಿಂಗಳ ಎರಡನೆಯದು’ ಎಂದು ಬರೆದರು. ಆ ತಪ್ಪೇ ಬಳಕೆಯಲ್ಲಿ ನಿಂತಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ, ಹನ್ನೆರಡು ಸೇರಿದರೆ 354. ವರ್ಷಕ್ಕೆ 11 ದಿನದ ಈ ಉಳಿಕೆ ಕೂಡುತ್ತಾ ಹೋಗಿ ಎರಡೂಮುಕ್ಕಾಲು ವರ್ಷಕ್ಕೊಂದು ಹುಣ್ಣಿಮೆ ಹೆಚ್ಚು ಬರುತ್ತದೆ. ನಮ್ಮ ಪಂಚಾಂಗದ ಅಧಿಕ ಮಾಸವೂ ಇದೇ ಉಳಿಕೆಯಿಂದ ಹುಟ್ಟಿದ್ದು. 2023ರ ಆಗಸ್ಟಿನಲ್ಲಿ ಬಂದ ಎರಡು ಹುಣ್ಣಿಮೆಗಳಲ್ಲಿ ಮೊದಲನೆಯದು ಅಧಿಕ ಶ್ರಾವಣದ್ದು, ಎರಡನೆಯದು ನಿಜ ಶ್ರಾವಣದ ನೂಲು ಹುಣ್ಣಿಮೆ. ಎರಡು ಲೆಕ್ಕಗಳು ಹೀಗೆ ಒಂದೆಡೆ ಕೂಡುವುದನ್ನು ಕಂಡಾಗ ನನಗೆ ಈಗಲೂ ರೋಮಾಂಚನ.

ಹಾಗೆಂದು ‘ಅಧಿಕ ಮಾಸಕ್ಕೊಮ್ಮೆ’ ಎಂದು ಹೊಸದಾಗಿ ಕಟ್ಟಬೇಕಿಲ್ಲ. ನಮ್ಮ ಮನೆಗಳಲ್ಲಿ ಮಾತು ಸಿದ್ಧವಾಗಿದೆ: ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಮುಖ ತೋರಿಸ್ತಾನೆ.’ ಎಣಿಸಿದರೆ ಹದಿನೈದು ದಿನಕ್ಕೊಮ್ಮೆ ಆಯಿತು. ಆದರೆ ಕೇಳಿದವರು ಯಾರೂ ದಿನ ಎಣಿಸುವುದಿಲ್ಲ. ಅವರಿಗೆ ಕೇಳಿಸುವುದು ಬಾಗಿಲಲ್ಲಿ ನಿಂತವಳ ಸಂಕಟ. ಆ ಕಥೆಗೆ ಬೇಕಿದ್ದುದೂ ಅದೇ. ಸಂಕಟವಿಲ್ಲದ ಕಡೆ, ಮರಳುಗಾಡಿನಲ್ಲಿ ಮಳೆ ಬಿತ್ತು ಎನ್ನುವಂಥಲ್ಲಿ, ‘ಅಪರೂಪಕ್ಕೊಮ್ಮೆ’ ಸಾಕು.

ಕಥೆ ಸಂಕಲನಕ್ಕೆ ಸೇರುವಾಗ ಆ ಸಾಲನ್ನು ಬದಲಿಸುವಂತೆ ಅನುವಾದಕರಿಗೆ ಬರೆದಿದ್ದೇನೆ. ತಮ್ಮ ಪತ್ರದ ಪ್ರತಿಯನ್ನೂ ಜೊತೆಗಿಟ್ಟಿದ್ದೇನೆ.