ರಾಯಚೂರಾಗ ಹೊಸ ಪೊಲೀಸ್ ಠಾಣೆ, ಫೈರ್ ಸ್ಟೇಷನ್ ಕಟ್ಟೋವಾಗ ಕೆಲಸ ಯಾರು ನೋಡ್ಕೋತಾರ?

ಪಾಲಿಕೆಯವ್ರು ಕಟ್ತಾರ ಅಂತ ಭಾಳ ಮಂದಿ ತಿಳ್ಕೊಂಡಾರ, ಆದ್ರ ನಮ್ಮ ರಾಜ್ಯದಾಗ ಠಾಣೆ, ಪೊಲೀಸ್ ಕ್ವಾರ್ಟರ್ಸ್, ಅಗ್ನಿಶಾಮಕ ಠಾಣೆ ಇವೆಲ್ಲ ಹೆಚ್ಚಾಗಿ 1985ರಾಗ ಶುರುವಾದ ಪೊಲೀಸ್ ಹೌಸಿಂಗ್ ಕಾರ್ಪೊರೇಷನ್ ಕೈಯಾಗ ಇರ್ತಾವ, ಅದು ಒಳಾಡಳಿತ ಇಲಾಖೆ ಕೆಳಗ ಬರ್ತದ. ಟೆಂಡರ್ ಕರಿಯೋದು ಅವ್ರೇ, ಸೈಟಿನ್ಯಾಗ ನಿಂತು ನೋಡೋದು ಅವ್ರ ಇಂಜಿನಿಯರ್‌ಗಳೇ.

ನಿಜವಾದ ಕೆಲಸ ಇರೋದು ಸೈಟಿನ್ಯಾಗ. ನಮ್ಮ ಕಡಿ ಎರೆ ಮಣ್ಣು, ಮಳಿ ಬಂದ್ರ ಉಬ್ತದ, ಬ್ಯಾಸಿಗ್ಯಾಗ ಬಿರುಕು ಬಿಡ್ತದ, ಅದಕ್ಕ ಮಣ್ಣಿನ ಟೆಸ್ಟ್ ಮಾಡ್ದೇ ಪಾಯ ಹಾಕಿದ್ರ ಗ್ವಾಡಿ ಸೀಳ್ತಾವ. ಫೈರ್ ಸ್ಟೇಷನ್‌ನಾಗಂತೂ ನೀರು ತುಂಬಿದ ಗಾಡಿ ಹಗಲೂ ರಾತ್ರಿ ನಿಂತಿರೋ ನೆಲ ಅದು, ಹಂಗಾಗಿ ಅಲ್ಲಿ ಇನ್ನೂ ಜ್ವಾಕಿ ಬೇಕು. ಕಾಂಕ್ರೀಟ್ ಹಾಕಿದ ದಿನವೇ ಅದೇ ಕಾಂಕ್ರೀಟನ್ನ 150 ಮಿ.ಮೀ. ಕ್ಯೂಬ್ ಅಚ್ಚಿನ್ಯಾಗ ತುಂಬಿಟ್ಟು 28 ದಿನಕ್ಕ ಒಡೆದು ಗಟ್ಟಿತನ ನೋಡ್ಬೇಕು. ಕ್ಯೂರಿಂಗ್, ಅಂದ್ರ ಹಾಕಿದ ಕಾಂಕ್ರೀಟ್ ಹಸಿ ಇಡೋದು, ಇನ್ನೂ ಮುಖ್ಯ ನೋಡ್ರಿ, ಬಿಸಿಲು ಒಣ ಹವಾ ಇದ್ದಲ್ಲಿ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಕನಿಷ್ಠ 10 ದಿನ ಹಸಿ ಇರ್ಬೇಕು, ಆದ್ರ ಏಪ್ರಿಲ್‌ನಾಗ ಮುಂಜಾನಿ ಕಂಬಕ್ಕ ಸುತ್ತಿದ ಹಸಿ ಗೋಣಿಚೀಲ ಮಧ್ಯಾಹ್ನಕ್ಕ ಹಪ್ಪಳದಂಗ ಒಣಗಿರ್ತದ, ಮತ್ತ ನೀರು ಹೊಡಿಲಿಲ್ಲಂದ್ರ ಆ ಕಂಬದ ಗಟ್ಟಿತನ ಹೋತು ಅಂತನೇ ಲೆಕ್ಕ.

ನೀವೂ ನೋಡ್ಬಹುದು. ಮಾಹಿತಿ ಹಕ್ಕು ಕಾಯ್ದೆ, 2005ರ ಕೆಳಗ ದಾಖಲೆ ಅಷ್ಟೇ ಅಲ್ಲ, ಕಾಮಗಾರಿ ಪರಿಶೀಲನೆ ಮಾಡೋಕೂ, ಸಾಮಗ್ರಿ ಸ್ಯಾಂಪಲ್ ತಗೊಳ್ಳೋಕೂ ಹಕ್ಕದ. 10 ರೂಪಾಯಿ ಅರ್ಜಿ ಹಾಕಿ ಕ್ಯೂಬ್ ಟೆಸ್ಟ್ ರಿಪೋರ್ಟ್, ಎಂ.ಬಿ. (ಮಾಡಿದ ಕೆಲಸದ ಅಳತೆ ಬರಿಯೋ) ಪುಸ್ತಕದ ಕಾಪಿ ಕೇಳ್ರಿ.