ಸ್ಪೀಡಿಂಗ್ ಟಿಕೆಟ್‌ಗೆ ಸಹಿ ಹಾಕದಿದ್ದರೆ ಅಮೆರಿಕದ ಪೊಲೀಸರು ಟೇಸರ್ ಹೊಡೆಯಬಹುದೇ?

ಡಲ್ಲಾಸ್‌ಗೆ ಹೊಸಬ, ತಪ್ಪಿಲ್ಲದಿದ್ದರೂ ಸ್ಪೀಡಿಂಗ್ ಟಿಕೆಟ್ ಬರೆದರೆ ಸಹಿ ಹಾಕದೆ ವಾದ ಮಾಡಬಹುದೇ, ಅಷ್ಟಕ್ಕೇ ಟೇಸರ್ (ಕರೆಂಟ್ ಹೊಡೆಯುವ ಪೊಲೀಸ್ ಸಾಧನ) ಹೊಡೆದರೆ ಕಾನೂನು ನಮ್ಮ ಕಡೆ ಇದೆಯೇ ಅಂತ ಕೇಳಿದ್ದೀರಿ. ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ಕಾನೂನು ನಿಮ್ಮ ಕಡೆ ಇರಬಹುದು. ಆದರೆ ಅದು ನಿಮ್ಮ ನೆರವಿಗೆ ಬರುವ ಹೊತ್ತಿಗೆ ಏಳು ವರ್ಷ ಕಳೆದಿರಬಹುದು.

ಏಳು ವರ್ಷ ಅಂದದ್ದು ಬಾಯಿಮಾತಿಗಲ್ಲ. 2004ರ ನವೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬಳು ಮಗನನ್ನು ಶಾಲೆಗೆ ಬಿಡಲು ಹೋಗುತ್ತಿದ್ದಳು. 20 ಮೈಲಿ ಮಿತಿಯ ಶಾಲಾ ವಲಯದಲ್ಲಿ 32ರಲ್ಲಿ ಬಂದಳು ಅಂತ ಹಿಡಿದರು. ಜೋರಾಗಿ ಹೋದದ್ದು ಮುಂದಿನ ಕಾರು, ನಾನಲ್ಲ ಎಂದಳು. ಸಹಿ ಹಾಕಿದರೆ ತಪ್ಪೊಪ್ಪಿದ ಹಾಗಾಗುತ್ತದೆ ಅಂತ ಸಹಿ ಹಾಕಲಿಲ್ಲ. ಬಂಧಿಸುತ್ತೇವೆ, ಇಳಿ ಎಂದರು. ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡಳು. ಹೊಟ್ಟೆಗೆ ಬೇಡ, ತೊಡೆಗೆ ಹೊಡಿ ಅಂತ ಪೊಲೀಸರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ತೀರ್ಪಿನಲ್ಲೇ ದಾಖಲಾಗಿದೆ. ಒಂದು ನಿಮಿಷದೊಳಗೆ ಮೂರು ಸಲ ಟೇಸರ್ ಒತ್ತಿದರು: ತೊಡೆಗೆ, ತೋಳಿಗೆ, ಕುತ್ತಿಗೆಗೆ. ಆಮೇಲೆ ಎಳೆದು ನೆಲಕ್ಕೆ ಮಲಗಿಸಿ ಕೋಳ ಹಾಕಿದರು. ಮಗು ಆರೋಗ್ಯವಾಗಿ ಹುಟ್ಟಿತು. ಒಂಬತ್ತನೇ ಸರ್ಕ್ಯೂಟ್ (ಸರ್ಕ್ಯೂಟ್ ಅಂದರೆ ಕೆಲವು ರಾಜ್ಯಗಳ ಗುಂಪಿಗೆ ಒಂದರಂತೆ ಇರುವ ಫೆಡರಲ್ ಕೋರ್ಟ್) ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ 2011ರಲ್ಲಿ, ಆಕೆ ಹೇಳಿದಂತೆಯೇ ನಡೆದಿದ್ದರೆ ಅದು ಅತಿಯಾದ ಬಲಪ್ರಯೋಗ ಎಂದಿತು. ಅದೇ ತೀರ್ಪಿನಲ್ಲಿ, 2004ರ ಹೊತ್ತಿಗೆ ಈ ಕಾನೂನು ಸ್ಪಷ್ಟವಿರಲಿಲ್ಲ, ಹಾಗಾಗಿ ಪೊಲೀಸರ ಮೇಲೆ ಹೊಣೆ ಹೊರಿಸಲಾಗದು ಎಂದೂ ಹೇಳಿತು. ಇದಕ್ಕೆ ಇಲ್ಲಿ ಕ್ವಾಲಿಫೈಡ್ ಇಮ್ಯುನಿಟಿ ಅನ್ನುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಈಗ ಆ ಸಹಿಯ ವಿಷಯ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಟಿಕೆಟ್ ಕೆಳಗಿನ ಗೆರೆಯ ಮೇಲೆ ಹಾಕುವ ಸಹಿ ತಪ್ಪೊಪ್ಪಿಗೆಯಲ್ಲ. ಈ ತಾರೀಕಿನೊಳಗೆ ಕೋರ್ಟ್‌ಗೆ ಉತ್ತರ ಕೊಡುತ್ತೇನೆ ಅನ್ನುವ ಮಾತು, ಅಷ್ಟೇ. ನಮ್ಮೂರಿನಲ್ಲಿ ಪೊಲೀಸರು ಕೊಟ್ಟ ಕಾಗದಕ್ಕೆ ಸಹಿ ಹಾಕಿದರೆ ಕೈ ಕೊಟ್ಟ ಹಾಗೆ ಅನ್ನುವ ಭಯ ಇದೆ, ಅದು ಸುಮ್ಮನೆ ಬಂದದ್ದೂ ಅಲ್ಲ. ಆ ಭಯವನ್ನು ಇಲ್ಲಿಗೆ ತಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅದರಲ್ಲೂ ನಿಮ್ಮ ಡಲ್ಲಾಸ್ ಇರುವ ಟೆಕ್ಸಸ್‌ನಲ್ಲಿ. ಅಲ್ಲಿನ ಸಾರಿಗೆ ಸಂಹಿತೆಯ 543.004ನೇ ಕಲಂ ಪ್ರಕಾರ, ಆರೋಪ ಸ್ಪೀಡಿಂಗ್ ಆಗಿದ್ದು ನೀವು ಬರುತ್ತೇನೆ ಅಂತ ಸಹಿ ಹಾಕಿದರೆ ಆಫೀಸರ್ ಟಿಕೆಟ್ ಕೊಟ್ಟು ಬಿಡಲೇಬೇಕು. ಬರೀ ಆ ಸ್ಪೀಡಿಂಗ್‌ಗಾಗಿ ಬಂಧಿಸುವ ಹಾಗಿಲ್ಲ. ಅಂದರೆ ನಿಮ್ಮನ್ನು ಕೋಳದಿಂದ ಕಾಯುವುದು ಆ ಸಹಿಯೇ. ಹಾಕಲ್ಲ ಅಂದ ಕ್ಷಣ ಆ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಿರಿ, ಬಂಧನದ ಅಧಿಕಾರ ಅವನಿಗೆ ಸಿಕ್ಕಿತು. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕದಿರುವುದು, ಸೀಟ್ ಬೆಲ್ಟ್ ಕಟ್ಟದಿರುವುದು ಈ ಕಲಮಿನಲ್ಲಿಲ್ಲ. ಅವಕ್ಕೆ ಸಹಿ ಹಾಕುವವರನ್ನೂ ಬಂಧಿಸಬಹುದು.

ದಂಡ ಮಾತ್ರ ಇರುವ ತಪ್ಪಿಗೂ ಬಂಧನವೇ ಅಂತ ಅಚ್ಚರಿಯಾಗಬಹುದು. ಟೆಕ್ಸಸ್‌ನ ಲಾಗೊ ವಿಸ್ಟಾದಲ್ಲಿ 1997ರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ತಾಯಿಯೊಬ್ಬಳನ್ನು ಸೀಟ್ ಬೆಲ್ಟ್ ವಿಷಯಕ್ಕೆ ಕೋಳ ಹಾಕಿ ಕರೆದೊಯ್ದರು. ಗರಿಷ್ಠ ದಂಡ 50 ಡಾಲರ್. 2001ರಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನಬದ್ಧ ಎಂದಿತು, ಐದಕ್ಕೆ ನಾಲ್ಕು ಮತಗಳಿಂದ. ಸ್ಯಾಂಡ್ರಾ ಬ್ಲ್ಯಾಂಡ್ ಅನ್ನುವ ಮಹಿಳೆಯ ಹೆಸರಿನ ಕಾಯ್ದೆ ಟೆಕ್ಸಸ್‌ನಲ್ಲಿ 2017ರಲ್ಲಿ ಬಂದಾಗ ಇಂಥ ಬಂಧನಗಳನ್ನು ತಡೆಯುವ ಅಂಶ ಕರಡಿನಲ್ಲಿತ್ತು, ಪಾಸಾಗುವ ಹೊತ್ತಿಗೆ ಕೈಬಿಟ್ಟರು. ಆಕೆಯನ್ನು 2015ರ ಜುಲೈನಲ್ಲಿ ತಡೆದದ್ದೂ ಇಂಡಿಕೇಟರ್ ಹಾಕಲಿಲ್ಲ ಅಂತಲೇ. ಸಿಗರೇಟ್ ಆರಿಸು, ಆರಿಸಲ್ಲ, ಇಳಿ, ಇಳಿಯಲ್ಲ ಅಂತ ಮಾತು ಬೆಳೆದು ಟೇಸರ್ ಹೊರಬಂತು, ಮೂರು ದಿನದ ಮೇಲೆ ಆಕೆ ಜೈಲಿನಲ್ಲಿ ಸತ್ತಳು.

ಸರಪಳಿ ಹೇಗೆ ಬೆಳೆಯುತ್ತದೆ ನೋಡಿ. ಸಹಿ ಇಲ್ಲ, ಆದ್ದರಿಂದ ಬಂಧನ. ಬಂಧನ ಅಂದಮೇಲೆ ಕೈ ಬಿಗಿ ಹಿಡಿದರೂ, ಹಿಂದೆ ತಿರುಗಿ ನಡೆದರೂ ಅದು ಪ್ರತಿರೋಧ. 1989ರ ಗ್ರಹಾಂ ವರ್ಸಸ್ ಕಾನರ್ ತೀರ್ಪಿನ ಪ್ರಕಾರ ಪೊಲೀಸ್ ಬಲಪ್ರಯೋಗವನ್ನು ಮುಖ್ಯವಾಗಿ ಮೂರು ವಿಷಯದಿಂದ ಅಳೆಯುತ್ತಾರೆ: ಅಪರಾಧ ಎಷ್ಟು ಗಂಭೀರ, ತಕ್ಷಣದ ಅಪಾಯ ಇತ್ತೇ, ಆತ ಪ್ರತಿರೋಧಿಸುತ್ತಿದ್ದನೇ ಅಥವಾ ಓಡುತ್ತಿದ್ದನೇ. ಸ್ಪೀಡಿಂಗ್‌ನಲ್ಲಿ ಮೊದಲ ಎರಡು ನಿಮ್ಮ ಪರ. ಮೂರನೆಯದನ್ನು ನೀವೇ ಎದುರು ಪಾರ್ಟಿಗೆ ಕೊಡುತ್ತೀರಿ. 2007ರಲ್ಲಿ ಯೂಟಾದ ವರ್ನಲ್ ಹತ್ತಿರ ಹೈವೇ 40ರಲ್ಲಿ ಆದದ್ದು ಇದೇ. ಮಿತಿಯ ಫಲಕ ಎಲ್ಲಿದೆ ತೋರಿಸಿ ಅಂತ ಪಟ್ಟು ಹಿಡಿದವನು ಸಹಿ ಹಾಕಲಿಲ್ಲ, ಇಳಿ ಅಂದಾಗ ಇಳಿದು ಆ ಫಲಕದತ್ತ ಕೈ ತೋರಿಸುತ್ತ ನಡೆದ, ಕೈ ಹಿಂದೆ ಕಟ್ಟು ಅಂದಾಗ ಬೆನ್ನು ತಿರುಗಿಸಿದ. ಟೇಸರ್ ಬಿತ್ತು. ಕೊನೆಗೆ ರಾಜ್ಯ 40,000 ಡಾಲರ್ ಕೊಟ್ಟು ರಾಜಿಯಾಯಿತು. ಫಲಕದ ವಾದ ರಸ್ತೆಬದಿಯಲ್ಲಿ ಗೆಲ್ಲುವಂಥದ್ದಾಗಿರಲಿಲ್ಲ. ಕೋರ್ಟ್‌ನಲ್ಲಿ ಒಂದು ಫೋಟೋ ತೋರಿಸಿದ್ದರೆ ಗೆಲ್ಲಬಹುದಿತ್ತೋ ಏನೋ.

ಎಲ್ಲ ಕೋರ್ಟ್‌ಗಳೂ ಒಂದೇ ಥರ ಯೋಚಿಸುತ್ತವೆ ಅಂತಲೂ ಅಂದುಕೊಳ್ಳಬೇಡಿ. ಜಾರ್ಜಿಯಾದಲ್ಲಿ ನಂಬರ್ ಪ್ಲೇಟ್ ದೀಪ ಉರಿಯುತ್ತಿಲ್ಲ ಅಂತ ತಡೆದ ಲಾರಿ ಚಾಲಕ ಮುಖಕ್ಕೆ ಟಾರ್ಚ್ ಬಿಟ್ಟದ್ದಕ್ಕೆ ಕೂಗಾಡಿದ. ಕಾಗದಪತ್ರ ತಾ ಅಂತ ಐದು ಸಲ ಹೇಳಿದರೂ ತರಲಿಲ್ಲ ಅನ್ನುವ ಕಾರಣಕ್ಕೆ ಹೊಡೆದ ಟೇಸರ್ ಸರಿಯೇ ಅಂತ ಹನ್ನೊಂದನೇ ಸರ್ಕ್ಯೂಟ್ 2004ರಲ್ಲಿ ಹೇಳಿತು. ನಿಮ್ಮ ಟೆಕ್ಸಸ್ ಬರುವುದು ಐದನೇ ಸರ್ಕ್ಯೂಟ್‌ಗೆ. ಅದು 2012ರ ನ್ಯೂಮನ್ ಪ್ರಕರಣದಲ್ಲಿ, ಬೋಮಾಂಟ್‌ನ ಟ್ರಾಫಿಕ್ ತಪಾಸಣೆಯಲ್ಲಿ ಲಾಠಿ, ಟೇಸರ್ ಎರಡನ್ನೂ ಬಳಸಿದ ಪೊಲೀಸರಿಗೆ ಇಮ್ಯುನಿಟಿ ಕೊಡಲಿಲ್ಲ. ಅಷ್ಟು ಸಮಾಧಾನ.

ಟೇಸರ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ: ಸ್ವಲ್ಪ ಕರೆಂಟ್ ಹೊಡೆಯುತ್ತದೆ, ತಡೆದುಕೊಳ್ಳಬಹುದು ಅಂತ. ಇದು ಎರಡು ಥರ ಕೆಲಸ ಮಾಡುತ್ತದೆ. ಮೈಗೆ ಒತ್ತಿದರೆ ಬರೀ ನೋವು, ಸುಟ್ಟ ಗುರುತು. ದೂರದಿಂದ ಹೊಡೆದರೆ ಒತ್ತಡದ ನೈಟ್ರೋಜನ್ ಅನಿಲ ಎರಡು ಮುಳ್ಳುಗಳನ್ನು ತಂತಿಸಮೇತ ತಳ್ಳುತ್ತದೆ. ಹಳೆಯ ಎಕ್ಸ್26 ಮಾದರಿಯಲ್ಲಿ ಟ್ರಿಗರ್ ಒಮ್ಮೆ ಎಳೆದರೆ 5 ಸೆಕೆಂಡ್, ಸೆಕೆಂಡಿಗೆ ಸುಮಾರು 19 ಮಿಡಿತ. ಗಾಳಿಯಲ್ಲಿ ಕಿಡಿ ಹಾರಿಸುವ ವೋಲ್ಟೇಜ್ 50,000. ಮೈಗೆ ಸಿಗುವುದು ಸುಮಾರು 1,200. ಮುಳ್ಳುಗಳ ನಡುವೆ ಸಿಕ್ಕ ಸ್ನಾಯುಗಳೆಲ್ಲ ಸೆಟೆದು ನಿಲ್ಲುತ್ತವೆ, ನೆಟ್ಟ ಕಂಬ ಬಿದ್ದ ಹಾಗೆ ಮನುಷ್ಯ ಬೀಳುತ್ತಾನೆ. ಕೈ ಊರಲು ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ 2005ರಲ್ಲಿ ಸೀಟ್ ಬೆಲ್ಟ್‌ಗೆ ತಡೆದ 21ರ ಹುಡುಗ, ಬರೀ ಚಡ್ಡಿ ಮತ್ತು ಶೂ ಹಾಕಿಕೊಂಡಿದ್ದವನು, ತನ್ನ ಮೇಲೇ ಸಿಟ್ಟಾಗಿ ಕಾರಿನಿಂದ ಇಳಿದು ತೊಡೆ ಚಚ್ಚಿಕೊಳ್ಳುತ್ತ ನಿಂತಿದ್ದ. ಆಫೀಸರ್ 20 ಅಡಿಯಷ್ಟು ಆಚೆ ಇದ್ದ. ಎಚ್ಚರಿಕೆ ಕೊಡದೆ ಹೊಡೆದ. ಹುಡುಗ ಮುಖ ಅಡಿಯಾಗಿ ಬಿದ್ದು ಮುಂದಿನ ನಾಲ್ಕು ಹಲ್ಲು ಮುರಿದವು, ತೋಳಿಗೆ ನೆಟ್ಟ ಮುಳ್ಳನ್ನು ವೈದ್ಯರು ಕುಯ್ದು ತೆಗೆದರು. ಇದೂ ಅತಿಯಾದ ಬಲವೇ ಎಂದಿತು ಕೋರ್ಟ್. ಆಫೀಸರ್‌ಗೆ ಇಲ್ಲೂ ಇಮ್ಯುನಿಟಿ.

ಎಕ್ಸ್26ರಂಥ ಮಾದರಿಯ ಮುಳ್ಳುಗಳು ಹೊರಟ ಮೇಲೆ ಸುಮಾರು 7 ಅಡಿಗೆ 1 ಅಡಿಯಂತೆ ಅಗಲವಾಗುತ್ತವೆ. ಕಿಟಕಿ ಪಕ್ಕ ನಿಂತು ಹೊಡೆದರೆ ಅವುಗಳ ನಡುವೆ ನಾಲ್ಕು ಬೆರಳಷ್ಟೂ ಅಂತರ ಇರುವುದಿಲ್ಲ. ಸ್ನಾಯು ಪೂರ್ತಿ ಸೆಟೆಯದೆ ನೋವು ಮಾತ್ರ ಆಗುತ್ತದೆ. ನೋವಾದವನು ಕೊಸರಾಡುತ್ತಾನೆ, ಕೊಸರಾಡಿದ್ದಕ್ಕೆ ಇನ್ನೊಂದು ಸುತ್ತು ಬೀಳುತ್ತದೆ. ದಪ್ಪ ಚಳಿಗಾಲದ ಜಾಕೆಟ್ ಇದ್ದರೆ ಮುಳ್ಳು ಮೈಗೆ ತಾಗುವುದೇ ಇಲ್ಲ, ಆಗ ಆಫೀಸರ್ ಗಾಬರಿಯಾಗಿ ಮುಂದಿನ ಅಸ್ತ್ರಕ್ಕೆ ಹೋಗುತ್ತಾನೆ. ಬಂದೂಕಿಗೆ ಬದಲಿ ಅಂತ ಹೇಳಿ ಬಂದ ಈ ಸಾಧನ ರಸ್ತೆಬದಿಯಲ್ಲಿ ಹೆಚ್ಚಾಗಿ ತಾಳ್ಮೆಗೆ ಬದಲಿಯಾಗಿ ಬಳಕೆಯಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಇನ್ನು 2021ರ ಏಪ್ರಿಲ್‌ನಲ್ಲಿ ಮಿನ್ನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ ಟ್ರಾಫಿಕ್ ತಪಾಸಣೆಗೆ ತಡೆದಿದ್ದ ಡಾಂಟೆ ರೈಟ್ ಸತ್ತದ್ದು, 26 ವರ್ಷ ಸೇವೆ ಮಾಡಿದ ಆಫೀಸರ್ ‘ಟೇಸರ್’ ಅಂತ ಕೂಗುತ್ತಲೇ ಪಿಸ್ತೂಲ್ ಎಳೆದಿದ್ದರಿಂದ. ಟೇಸರ್ ಹಳದಿ ಬಣ್ಣದ್ದು, ಎಡ ಸೊಂಟದಲ್ಲಿತ್ತು. ಪಿಸ್ತೂಲ್ ಕಪ್ಪು, ಬಲಕ್ಕಿತ್ತು. ಹಾಗಾಗಿ ‘ಟೇಸರ್ ತಾನೇ’ ಅಂತ ಧೈರ್ಯ ಬೇಡ.

ಹಾಗಾದರೆ ಏನು ಮಾಡಬೇಕು? ಹಿಂದೆ ಕೆಂಪು ನೀಲಿ ದೀಪ ಕಂಡ ಕೂಡಲೇ ಬಲಗಡೆ ಇಂಡಿಕೇಟರ್ ಹಾಕಿ, ಶೋಲ್ಡರ್‌ಗೆ (ರಸ್ತೆಯ ಅಂಚಿನ ಪಟ್ಟಿಗೆ) ಇಳಿಸಿ ನಿಲ್ಲಿಸಿ, ಗೇರ್ ಪಾರ್ಕ್‌ಗೆ ಹಾಕಿ ಇಂಜಿನ್ ಆರಿಸಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ. ನಿಮ್ಮ ಕಡೆಯ ಗಾಜು ಪೂರ್ತಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಡಿ. ಕಾರಿನಿಂದ ಮಾತ್ರ ಇಳಿಯಬೇಡಿ. ಬೆಂಗಳೂರಿನಲ್ಲಿ ಗಾಡಿ ಸೈಡಿಗೆ ಹಾಕಿ, ಕಾಗದ ಹಿಡಿದು ‘ಸಾರ್’ ಅನ್ನುತ್ತ ನಾವೇ ಪೊಲೀಸರ ಹತ್ತಿರ ಹೋಗುತ್ತೇವೆ, ಅದು ಮರ್ಯಾದೆ. ಇಲ್ಲಿ ಹೇಳದೆ ಇಳಿದು ಬರುವವನು ಮೈಮೇಲೆ ಬರುತ್ತಿದ್ದಾನೆ ಅಂತ ಅರ್ಥ. ಲೈಸೆನ್ಸ್ ಹುಡುಕಲು ಮೊದಲೇ ಬಗ್ಗಬೇಡಿ. ಕೇಳಿದ ಮೇಲೆ, ಇನ್ಶೂರೆನ್ಸ್ ಗ್ಲೋವ್ ಬಾಕ್ಸ್‌ನಲ್ಲಿದೆ, ತೆಗೆಯುತ್ತೇನೆ ಅಂತ ಹೇಳಿ ನಿಧಾನ ತೆಗೆಯಿರಿ.

ಇಳಿ ಅಂದರೆ ಇಳಿಯಬೇಕು. 1977ರ ಮಿಮ್ಸ್ ತೀರ್ಪಿನಿಂದ ಚಾಲಕನಿಗೆ, 1997ರಿಂದ ಪಕ್ಕದಲ್ಲಿ ಕೂತವರಿಗೂ ಇದು ಅನ್ವಯ. ಕಾರಣ ಕೇಳುತ್ತ ಕೂರುವಂತಿಲ್ಲ. ಕಾರು ಹುಡುಕಲಾ ಅಂದರೆ ‘ಐ ಡೋಂಟ್ ಕನ್ಸೆಂಟ್’ ಅನ್ನಿ, ಆದರೆ ಅಡ್ಡ ನಿಲ್ಲಬೇಡಿ. ಬಾಯಲ್ಲಿ ಬೇಡ ಅಂದಷ್ಟೂ ಕೋರ್ಟ್‌ನಲ್ಲಿ ಉಪಯೋಗಕ್ಕೆ ಬರುತ್ತದೆ, ಕೈಯಲ್ಲಿ ಬೇಡ ಅಂದಷ್ಟೂ ಕೆಡುತ್ತದೆ. ಟಿಕೆಟ್ ಕೊಟ್ಟರೆ ಸಹಿ ಹಾಕಿ, ‘ನಾಟ್ ಗಿಲ್ಟಿ’ ಅನ್ನುವುದನ್ನು ಕೋರ್ಟ್‌ಗೆ ಇಟ್ಟುಕೊಳ್ಳಿ.

ಮೈಮೇಲೆ ಕೆಂಪು ಲೇಸರ್ ಚುಕ್ಕೆ ಬಂದರೆ ಇದ್ದಲ್ಲೇ ನಿಲ್ಲಿ, ಬೆರಳು ಬಿಡಿಸಿ ಅಂಗೈ ತೋರಿಸಿ. ಹೊಡೆದೇಬಿಟ್ಟರೆ ಆ 5 ಸೆಕೆಂಡ್ ಏನೂ ಮಾಡಲಾಗುವುದಿಲ್ಲ. ಕೈ ಹಿಂದೆ ಕಟ್ಟು ಅಂತ ಕೂಗುತ್ತಿದ್ದರೂ ಕೈ ಬರುವುದಿಲ್ಲ. ಸುತ್ತು ಮುಗಿದೊಡನೆ ಮೈ ನಿಮ್ಮ ಹಿಡಿತಕ್ಕೆ ಬರುತ್ತದೆ. ಆಗ ತಂತಿ ಕೀಳಲು ಕೈ ತಾನಾಗಿ ಹೋಗುತ್ತದೆ. ಕೀಳಬೇಡಿ, ಅದನ್ನೇ ಪ್ರತಿರೋಧ ಅಂತ ಬರೆದುಕೊಳ್ಳುತ್ತಾರೆ. ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ ಅನ್ನುವ ಸಂಶೋಧನಾ ಸಂಸ್ಥೆ ಮತ್ತು ನ್ಯಾಯ ಇಲಾಖೆ ಸೇರಿ 2011ರಲ್ಲಿ ತಂದ ಮಾರ್ಗಸೂಚಿ, ಒಂದು ಸುತ್ತಿನ ನಂತರ ನಿಲ್ಲಿಸಿ ಯೋಚಿಸಬೇಕು, ಒಟ್ಟು 15 ಸೆಕೆಂಡ್ ಮೀರಿದರೆ ಜೀವಕ್ಕೆ ಅಪಾಯ ಹೆಚ್ಚು ಅನ್ನುತ್ತದೆ. ಅದು ಶಿಫಾರಸು ಮಾತ್ರ. ಪ್ರತಿ ಠಾಣೆಯ ನಿಯಮ ಬೇರೆ ಬೇರೆ.

ಆಮೇಲಿನ ಕೆಲಸದಲ್ಲಿ ತಡ ಮಾಡಬೇಡಿ. ಮುಳ್ಳು ಚುಚ್ಚಿದ ಎರಡು ಜಾಗಗಳ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಅದೇ ದಿನ ತೆಗೆಸಿ. ತೂತಾದ ಅಂಗಿಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಎದೆನೋವು, ತಲೆಗೆ ಪೆಟ್ಟು ಏನಿದ್ದರೂ ಆಸ್ಪತ್ರೆಯಲ್ಲಿ ಬರೆಸಿ. ಟೇಸರ್ ತನ್ನೊಳಗೇ ಪ್ರತಿ ಟ್ರಿಗರ್‌ನ ತಾರೀಕು, ಹೊತ್ತು, ಎಷ್ಟು ಸೆಕೆಂಡ್ ಅನ್ನುವುದನ್ನು ದಾಖಲಿಸುತ್ತದೆ. ಆ ದಾಖಲೆ, ಬಾಡಿ ಕ್ಯಾಮೆರಾ, ಡ್ಯಾಶ್ ಕ್ಯಾಮೆರಾ ಮೂರನ್ನೂ ಅಳಿಸದಂತೆ ವಕೀಲರಿಂದ ಲಿಖಿತ ನೋಟಿಸ್ ಹೋಗಬೇಕು. ಒಮ್ಮೆ ಹೊಡೆದೆ ಅಂದ ವರದಿಯ ಪಕ್ಕದಲ್ಲಿ ನಾಲ್ಕು ಸುತ್ತಿನ ದಾಖಲೆ ಇಟ್ಟರೆ ಕೇಸಿನ ಬಣ್ಣವೇ ಬೇರೆ. ನಾಗರಿಕ ಹಕ್ಕಿನ ದಾವೆಗೆ ಟೆಕ್ಸಸ್‌ನಲ್ಲಿ 2 ವರ್ಷ ಗಡುವು, ಟೆನೆಸ್ಸಿಯಲ್ಲಿ 1 ವರ್ಷ ಮಾತ್ರ.

ವೀಸಾದಲ್ಲಿರುವವರಿಗೆ ಕೊನೆಯದೊಂದು. ‘ಬಂಧನಕ್ಕೆ ಪ್ರತಿರೋಧ’ ಅನ್ನುವ ಆರೋಪವನ್ನು ಸಣ್ಣ ದಂಡಕ್ಕೆ ಮುಗಿಸೋಣ ಅಂತ ಸರ್ಕಾರಿ ವಕೀಲರು ಆಮಿಷ ತೋರಿಸುತ್ತಾರೆ. ಒಪ್ಪಿಕೊಂಡರೆ, 1994ರ ಹೆಕ್ ತೀರ್ಪಿನ (ಉಳಿದಿರುವ ಶಿಕ್ಷೆಯನ್ನು ಸುಳ್ಳಾಗಿಸುವಂಥ ದಾವೆ ನಿಲ್ಲದು ಅನ್ನುವ ತೀರ್ಪು) ದೆಸೆಯಿಂದ ಪೊಲೀಸರ ಮೇಲಿನ ನಿಮ್ಮ ದಾವೆಯೇ ಬಿದ್ದುಹೋಗಬಹುದು. ಮುಂದಿನ ಸಲ ವೀಸಾ ಸ್ಟಾಂಪಿಂಗ್‌ಗೆ ತುಂಬುವ ಡಿಎಸ್-160 ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಅಂತ ಮಾತ್ರವಲ್ಲ, ಎಂದಾದರೂ ಬಂಧನವಾಗಿದೆಯೇ ಅಂತಲೂ ಕೇಳುತ್ತಾರೆ. ಕೇಸು ವಜಾ ಆಗಿದ್ದರೂ ಹೌದು ಅಂತಲೇ ಬರೆಯಬೇಕು, ಜೊತೆಗೆ ಕೋರ್ಟ್ ಮೊಹರಿನ ಅಂತಿಮ ಆದೇಶದ ಪ್ರತಿ ಕೈಯಲ್ಲಿರಬೇಕು. ಯಾವುದಕ್ಕೂ ಒಪ್ಪುವ ಮೊದಲು ಕ್ರಿಮಿನಲ್ ವಕೀಲರ ಜೊತೆ ಇಮಿಗ್ರೇಶನ್ ವಕೀಲರಿಗೂ ಕಾಗದ ತೋರಿಸಿ.